ತಲೆಗೆ ಪೆಟ್ಟು ಬಿದ್ದ ಮೇಲೆ: ಯಾವ ನೋವಿಗೆ ಕಾಯಬಹುದು, ಯಾವ ನೋವಿಗೆ ಓಡಬೇಕು

ನನ್ನನ್ನು ಬೀಳಿಸಿದ್ದು ಒಂದು ಹಂಪ್. ಸಂಜೆ ಮಳೆ ಬಂದು ನಿಂತಿತ್ತು. ಬೀದಿ ದೀಪ ಇರಲಿಲ್ಲ, ಹಂಪ್‌ಗೆ ಬಿಳಿ ಪಟ್ಟೆಯೂ ಇರಲಿಲ್ಲ. ಸ್ಕೂಟರ್ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ. ತಲೆಯಲ್ಲಿ ಹೆಲ್ಮೆಟ್ ಇತ್ತು. ಎದ್ದು, ತರಚಿದ ಮೊಣಕೈ ನೋಡಿಕೊಂಡು, ಸೇರಿದ ಜನಕ್ಕೆ "ಏನೂ ಆಗಿಲ್ಲ, ಏನೂ ಆಗಿಲ್ಲ" ಅಂದೆ. ಯಾರೋ ಸೋಡಾ ಕುಡಿಸಿದರು. ಅದೇ ಸ್ಕೂಟರ್ ಓಡಿಸಿಕೊಂಡು ಮನೆಗೆ ಬಂದೆ. ಹಾಗೆ ಮಾಡಬಾರದಿತ್ತು ಅಂತ ಆಮೇಲೆ ಗೊತ್ತಾಯಿತು.

ರಾತ್ರಿ ಊಟಕ್ಕೆ ಕೂತಾಗ "ಗ್ಯಾಸ್ ಬುಕ್ ಮಾಡಿದ್ಯಾ?" ಅಂತ ಹೆಂಡತಿಯನ್ನು ಮೂರು ಸಲ ಕೇಳಿದೆನಂತೆ. ಮೂರನೇ ಸಲಕ್ಕೆ ಅವಳು ತಟ್ಟೆ ಬಿಟ್ಟು ಎದ್ದು ಆಟೋ ಕರೆದಳು. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆಯಿತು. "ಸ್ಕ್ಯಾನ್ ಕ್ಲಿಯರ್ ಇದೆ, ಏನೂ ಇಲ್ಲ, ಹೋಗಿ" ಅಂದರು. ಹೋದೆವು. ತಲೆನೋವು ಮಾತ್ರ ಹನ್ನೊಂದು ವಾರ ಬಿಡಲಿಲ್ಲ.

ನಾನು ಡಾಕ್ಟರಲ್ಲ. ಆ ಹನ್ನೊಂದು ವಾರ ನರರೋಗ ತಜ್ಞರನ್ನೂ ಫಿಸಿಯೋಥೆರಪಿಯವರನ್ನೂ ಕೇಳಿ ಕೇಳಿ ತಿಳಿದುಕೊಂಡದ್ದು, ಆಮೇಲೆ ನಮ್ಮ ದೊಡ್ಡಪ್ಪನ ವಿಷಯದಲ್ಲಿ ಕಣ್ಣಾರೆ ಕಂಡದ್ದು, ಎರಡನ್ನೂ ಇಲ್ಲಿ ಬರೆದಿದ್ದೇನೆ. ಎಲ್ಲ ನೆನಪಿರದಿದ್ದರೂ ಒಂದು ಮಾತು ನೆನಪಿರಲಿ: ನೋವು ಎಷ್ಟಿದೆ ಅಂತ ನೋಡುವುದರ ಜೊತೆಗೆ, ಅದು ಇಳಿಯುತ್ತಿದೆಯೋ ಏರುತ್ತಿದೆಯೋ ಅಂತ ನೋಡಿ.

ಮೊದಲು: "ಸ್ಕ್ಯಾನ್ ನಾರ್ಮಲ್" ಅಂದರೆ ಏನು?

ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮೊಸರು ತಗೊಂಡು ಬಸ್ಸಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಾನೆ. ಡಬ್ಬಿಗೆ ಒಂದು ಗೀರೂ ಬಿದ್ದಿರುವುದಿಲ್ಲ, ಮುಚ್ಚಳ ತೆಗೆದರೆ ಮೊಸರು ಒಡೆದಿರುತ್ತದೆ. ಕಂಕಷನ್ ಹೆಚ್ಚುಕಮ್ಮಿ ಹೀಗೇ. ತಲೆಬುರುಡೆ ಸರಿ ಇರುತ್ತದೆ, ಒಳಗೆ ಮಿದುಳು ಅಲುಗಾಡಿರುತ್ತದೆ. ನರಕೋಶಗಳ ಕೆಲಸ ಕೆಲವು ದಿನ ಏರುಪೇರಾಗುತ್ತದೆ. ಸಿಟಿ ಸ್ಕ್ಯಾನ್‌ಗೆ ಕಾಣುವುದು ಮುಖ್ಯವಾಗಿ ಮೂಳೆ ಮುರಿದದ್ದು ಮತ್ತು ರಕ್ತ ಸೋರಿದ್ದು. ಈ ಏರುಪೇರು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ "ನಾರ್ಮಲ್" ಅಂದರೆ ಸ್ಕ್ಯಾನ್ ಮಾಡಿದ ಆ ಹೊತ್ತಿಗೆ ಒಳಗೆ ರಕ್ತ ಕಾಣಲಿಲ್ಲ ಅಂತ. ದೊಡ್ಡ ಸಮಾಧಾನವೇ, ಆದರೆ "ಏನೂ ಆಗಿಲ್ಲ" ಅನ್ನುವ ಅರ್ಥ ಅದಕ್ಕಿಲ್ಲ.

ಪ್ರಜ್ಞೆ ತಪ್ಪಿದರೆ ಮಾತ್ರ ಕಂಕಷನ್ ಅಂತ ತುಂಬ ಜನ ನಂಬಿದ್ದಾರೆ. ಕಂಕಷನ್ ಆದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪಿರುವುದೇ ಇಲ್ಲ. ತಲೆಸುತ್ತು, ಮಬ್ಬು, ಕೇಳಿದ್ದನ್ನೇ ಕೇಳುವುದು, ಬೆಳಕು ಸದ್ದು ತಡೆಯಲಾಗದಿರುವುದು ಇದ್ದರೂ ಸಾಕು. ಈ ಲಕ್ಷಣಗಳು ಕೂಡಲೇ ಕಾಣಬೇಕು ಅಂತಲೂ ಇಲ್ಲ. 2019ರ ಆಗಸ್ಟ್‌ನ ಲಾರ್ಡ್ಸ್ ಟೆಸ್ಟ್ ನೆನಪಿದೆ ಅಲ್ವಾ? ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಹೊರಗೆ ಹೋದರು, ತಪಾಸಣೆಯಾಯಿತು, ಮತ್ತೆ ಬಂದು 92ರವರೆಗೆ ಆಡಿದರು. ಮಾರನೇ ದಿನ ಬೆಳಿಗ್ಗೆ ಏಳುವಾಗ ತಲೆನೋವು, ಮಂಪರು. ಅವರ ಬದಲು ಮಾರ್ನಸ್ ಲಬುಶೇನ್ ಆಡಿದರು. ಟೆಸ್ಟ್ ಕ್ರಿಕೆಟ್ಟಿನ ಮೊದಲ ಕಂಕಷನ್ ಬದಲಿ ಆಟಗಾರ ಅವರೇ. ಪಕ್ಕದಲ್ಲೇ ಟೀಮ್ ಡಾಕ್ಟರ್ ಇದ್ದವರ ಕತೆ ಇದು. ಸೋಡಾ ಕುಡಿದು ಮನೆಗೆ ಹೋಗುವ ನಮ್ಮ ಕತೆ ಕೇಳಬೇಕೇ?

ಹೆಜ್ಜೆ 1: ಮೊದಲ ಎರಡು ದಿನ ಒಬ್ಬರು ಜೊತೆಗಿರಲಿ

ಪೆಟ್ಟು ಬಿದ್ದವರು ತಮ್ಮ ಬಗ್ಗೆ ಹೇಳುವುದನ್ನು ಪೂರ್ತಿ ನಂಬಬೇಡಿ. ನಾನು ಮೂರು ಸಲ ಕೇಳಿದ್ದು ನನಗೆ ಗೊತ್ತೇ ಇರಲಿಲ್ಲ. ನೋಡಿಕೊಳ್ಳುವವರ ಕಣ್ಣೇ ಇಲ್ಲಿ ಥರ್ಮಾಮೀಟರ್.

ಕೆಳಗಿನವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.

- ತಲೆನೋವು ಗಂಟೆಗಂಟೆಗೂ ಏರುತ್ತಿದೆ, ಮಾತ್ರೆಗೂ ಬಗ್ಗುತ್ತಿಲ್ಲ
- ಒಂದಕ್ಕಿಂತ ಜಾಸ್ತಿ ಸಲ ವಾಂತಿ
- ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ, ಎದ್ದರೂ ಜನ, ಜಾಗ ಗುರುತು ಸಿಗುತ್ತಿಲ್ಲ
- ಫಿಟ್ಸ್
- ಒಂದು ಕೈ ಅಥವಾ ಕಾಲಿಗೆ ಶಕ್ತಿ ಇಲ್ಲ, ಬಾಯಿ ಸೊಟ್ಟ, ಮಾತು ತೊದಲು
- ಒಂದು ಕಣ್ಣಿನ ಪಾಪೆ ದೊಡ್ಡದು, ಇನ್ನೊಂದು ಸಣ್ಣದು. ಅಥವಾ ಒಂದು ವಸ್ತು ಎರಡಾಗಿ ಕಾಣುವುದು
- ಮೂಗು ಅಥವಾ ಕಿವಿಯಿಂದ ರಕ್ತ, ಇಲ್ಲವೇ ನೀರಿನಂಥ ತಿಳಿ ದ್ರವ
- ಕಿವಿಯ ಹಿಂದೆ ಅಥವಾ ಎರಡೂ ಕಣ್ಣಿನ ಸುತ್ತ ಕಪ್ಪು ಕಟ್ಟುವುದು
- ಕಾರಣವಿಲ್ಲದೆ ರೇಗುವುದು, ಬಟ್ಟೆ ಕಿತ್ತುಕೊಳ್ಳುವುದು, ವಿಚಿತ್ರವಾಗಿ ಆಡುವುದು

ತಿಳಿ ದ್ರವದ ಬಗ್ಗೆ ಒಂದು ಮಾತು. ನೆಗಡಿ ಅಂತ ಒರೆಸಿಕೊಂಡು ಸುಮ್ಮನಾಗುವವರೇ ಜಾಸ್ತಿ. ಬಗ್ಗಿದಾಗ ಒಂದೇ ಹೊಳ್ಳೆಯಿಂದ ತೊಟ್ಟಿಕ್ಕಿದರೆ, ಗಂಟಲಿಗೆ ಇಳಿದಾಗ ಉಪ್ಪುಪ್ಪು ಅನ್ನಿಸಿದರೆ, ಅದು ಮಿದುಳಿನ ಸುತ್ತಲಿನ ನೀರು ಸೋರುತ್ತಿರುವುದಿರಬಹುದು. ಮೂಗು ಸೀನಬೇಡಿ, ಹತ್ತಿ ತುರುಕಬೇಡಿ. ಆಸ್ಪತ್ರೆಗೆ ಹೋಗಿ.

ಈ ಪಟ್ಟಿಯ ಹಿಂದೆ ಇರುವ ದೊಡ್ಡ ಭಯ ಒಂದೇ: ತಲೆಬುರುಡೆ ಮತ್ತು ಮಿದುಳಿನ ಹೊದಿಕೆಯ ನಡುವೆ ಆಗುವ ರಕ್ತಸ್ರಾವ. ಕಿವಿಯ ಮೇಲ್ಗಡೆ, ಕಣತಲೆಯ ಮೂಳೆ ತೆಳು. ಅದರ ಒಳಮೈಗೆ ಅಂಟಿಕೊಂಡೇ ಒಂದು ರಕ್ತನಾಳ ಹಾದುಹೋಗುತ್ತದೆ. ಅದು ಹರಿದರೆ ರಕ್ತ ತುಂಬಿ ಮಿದುಳನ್ನು ಒತ್ತುತ್ತದೆ. ಇದರ ಮೋಸ ಏನೆಂದರೆ, ಬಿದ್ದ ಮೇಲೆ ಸ್ವಲ್ಪ ಹೊತ್ತು ಮನುಷ್ಯ ಚೆನ್ನಾಗಿಯೇ ಮಾತಾಡಿಕೊಂಡಿರುತ್ತಾನೆ. 2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಎದ್ದು ನಗುತ್ತಾ ಮಾತಾಡಿದರು, ಡಾಕ್ಟರ್ ಬೇಡ ಅಂದರು. ಸ್ವಲ್ಪ ಹೊತ್ತಿಗೆ ತಲೆನೋವು ಶುರುವಾಯಿತು. ಎರಡು ದಿನಕ್ಕೆ ತೀರಿಕೊಂಡರು. ಬೇಗ ಗೊತ್ತಾದರೆ ಆಪರೇಷನ್‌ನಿಂದ ಉಳಿಸಿಕೊಳ್ಳಬಹುದಾದ ತೊಂದರೆ ಇದು. ಅದಕ್ಕೇ ಗಂಟೆಗಳ ಲೆಕ್ಕ.

ಇನ್ನು ನಮ್ಮ ಮನೆಗಳಲ್ಲಿ ನಡೆಯುವುದು. "ಮಲಗಿಸಬೇಡಿ, ಮಲಗಿದರೆ ಕೋಮಾಕ್ಕೆ ಹೋಗ್ತಾರೆ" ಅನ್ನುವುದು ಒಂದು. ಡಾಕ್ಟರ್ ನೋಡಿ ಮನೆಗೆ ಕಳಿಸಿದ ಮೇಲೆ ಮಲಗಬಹುದು, ನಿದ್ದೆ ಬೇಕು ಕೂಡ. ಮೊದಲ ರಾತ್ರಿ ಒಂದೆರಡು ಸಲ ಮೆಲ್ಲಗೆ ಅಲುಗಿಸಿ, ಎಚ್ಚರವಾಗಿ ಮಾತಾಡುತ್ತಾರಾ ಅಂತ ನೋಡಿದರೆ ಸಾಕು. ಡಾಕ್ಟರಿಗೆ ತೋರಿಸುವ ಮೊದಲೇ ತೂಕಡಿಕೆ ಬಂದರೆ ಮಾತ್ರ ನೇರ ಆಸ್ಪತ್ರೆಗೆ. ಗಾಯಕ್ಕೆ ಕಾಫಿಪುಡಿ ಮೆತ್ತಬೇಡಿ, ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಚಮಚ ಹಾಕಬೇಡಿ. ಕುತ್ತಿಗೆ ತಿರುಚದಂತೆ ಒಂದು ಮಗ್ಗುಲಿಗೆ ಮಲಗಿಸಿ. ನೋವಿಗೆ ಪ್ಯಾರಾಸಿಟಮಾಲ್ ಪರವಾಗಿಲ್ಲ. ರಕ್ತಸ್ರಾವ ಇಲ್ಲ ಅಂತ ಖಾತ್ರಿಯಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಮದ್ಯ ಬೇಡವೇ ಬೇಡ.

ಇನ್ನೊಂದು ವಿಷಯ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ "ಬಚ್ಚಲಲ್ಲಿ ಜಾರಿದರು" ಅಂತ ಆಸ್ಪತ್ರೆಯಲ್ಲಿ ಸುಳ್ಳು ಹೇಳುವವರಿದ್ದಾರೆ. ಓಡುತ್ತಿದ್ದ ಬೈಕಿನಿಂದ ಬಿದ್ದದ್ದಕ್ಕೂ ನಿಂತಲ್ಲೇ ಜಾರಿದ್ದಕ್ಕೂ ಡಾಕ್ಟರ್ ಲೆಕ್ಕಾಚಾರ ಬೇರೆ. ಸ್ಕ್ಯಾನ್ ಬೇಕೋ ಬೇಡವೋ ಅಂತ ತೀರ್ಮಾನವಾಗುವುದೇ ಇದರ ಮೇಲೆ. ಕಾಗದಪತ್ರಕ್ಕಾಗಿ ತುರ್ತು ಚಿಕಿತ್ಸೆ ತಡೆಯುವಂತಿಲ್ಲ ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಜ ಹೇಳಿ. ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಿದ್ದವರು ಹಂಪ್ ಹಾರಿದಾಗ ಬಿದ್ದರೆ ತಲೆಯ ಹಿಂಭಾಗಕ್ಕೇ ಪೆಟ್ಟು ಬೀಳುವುದು ಜಾಸ್ತಿ. ಅದನ್ನೂ ಹೇಳಿ.

ಹೆಜ್ಜೆ 2: ಹಾಲಿನ ಲೆಕ್ಕದ ಪಕ್ಕದಲ್ಲೇ ನೋವಿನ ಲೆಕ್ಕ

ಎರಡು ದಿನ ಕಳೆಯಿತು, ಅಪಾಯದ ಲಕ್ಷಣ ಇಲ್ಲ, ತಲೆನೋವು ಮಾತ್ರ ಇದೆ. ಈಗ ಬೇಕಾದದ್ದು ಒಂದು ಕ್ಯಾಲೆಂಡರ್.

ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ತಾರೀಕಿನ ಚೌಕದಲ್ಲಿ ಹಾಲು ಎಷ್ಟು ಬಂತು ಅಂತ ಹೆಂಡತಿ ಬರೆಯುತ್ತಾಳೆ. ಅದರ ಕೆಳಗೆ ಕೆಂಪು ಪೆನ್ನಲ್ಲಿ ನಾನು ಮೂರು ವಿಷಯ ಬರೆಯಲು ಶುರುಮಾಡಿದೆ: ಹತ್ತಕ್ಕೆ ನೋವು ಎಷ್ಟು, ಯಾವ ಹೊತ್ತು, ಮಾತ್ರೆ ಎಷ್ಟು. "6 ಬೆ, 1" ಅಂದರೆ ಬೆಳಿಗ್ಗೆ ಆರರಷ್ಟು ನೋವು, ಒಂದು ಮಾತ್ರೆ. ಬೇರೇನೂ ಇಲ್ಲ. ಈ ಕೆಂಪು ಅಂಕಿಗಳು ನನ್ನ ಬಾಯಿಮಾತಿಗಿಂತ ಡಾಕ್ಟರಿಗೆ ಹೆಚ್ಚು ಉಪಯೋಗವಾದವು. ಯಾಕೆಂದರೆ ನೋವಿದ್ದ ದಿನ ಕೇಳಿದರೆ "ದಿನಾ ಹೀಗೇ" ಅಂತೀವಿ, ಇಲ್ಲದ ದಿನ ಕೇಳಿದರೆ "ಈಗ ಪರವಾಗಿಲ್ಲ" ಅಂತೀವಿ.

ಬಹಳಷ್ಟು ದೊಡ್ಡವರಿಗೆ ಎರಡು ವಾರದಲ್ಲಿ, ಮಕ್ಕಳಿಗೆ ನಾಲ್ಕು ವಾರದೊಳಗೆ ಹತೋಟಿಗೆ ಬರುತ್ತದೆ. ಪೆಟ್ಟಾದ ಏಳು ದಿನದೊಳಗೆ ಶುರುವಾದ ತಲೆನೋವನ್ನು ಡಾಕ್ಟರುಗಳು ಪೆಟ್ಟಿನ ತಲೆನೋವು ಅಂತ ಲೆಕ್ಕ ಹಾಕುತ್ತಾರೆ, ಮೂರು ತಿಂಗಳು ದಾಟಿದರೆ ಬಿಡದ ತಲೆನೋವು ಅನ್ನುತ್ತಾರೆ. ಹಾಗಂತ ಮೂರು ತಿಂಗಳು ಹಲ್ಲು ಕಚ್ಚಿಕೊಂಡು ಕಾಯಬೇಡಿ. ಎರಡು ವಾರವಾದರೂ ಅಂಕಿ ಇಳಿಯದಿದ್ದರೆ ಹೋಗಿ ತೋರಿಸಿ. ಇಳಿದಿದ್ದ ಅಂಕಿ ಮತ್ತೆ ಏರಲು ಶುರುವಾದರೆ ಅವತ್ತೇ ತೋರಿಸಿ.

ಹೆಜ್ಜೆ 3: ನೋವಿನ ಗುಣ ಗುರುತಿಸಿ

ಎಲ್ಲದಕ್ಕೂ ತಲೆನೋವು ಅನ್ನುವ ಒಂದೇ ಹೆಸರು ಇರುವುದೇ ತೊಂದರೆ.

ಒಂದು ಕಡೆ ಮಿಡಿಯುವ ನೋವು, ವಾಕರಿಕೆ, ಬೆಳಕು ಕಂಡರಾಗದು, ಒಗ್ಗರಣೆ ವಾಸನೆಗೂ ಹೊಟ್ಟೆ ತೊಳಸು, ಕತ್ತಲೆ ಕೋಣೆಯಲ್ಲಿ ಮಲಗಿದರೆ ಹಾಯ್ ಅನ್ನಿಸುತ್ತದೆ. ಇದು ಮೈಗ್ರೇನ್ ಥರದ್ದು. ಪೆಟ್ಟಿನ ನಂತರ ಉಳಿಯುವ ನೋವಿನಲ್ಲಿ ಇದು ತುಂಬ ಸಾಮಾನ್ಯ. ಇದಕ್ಕೆ ಬೇರೆಯೇ ಔಷಧಿಗಳಿವೆ.

ಹಣೆಗೆ ಬಿಗಿಯಾಗಿ ಟವೆಲ್ ಕಟ್ಟಿದ ಹಾಗೆ ಎರಡೂ ಕಡೆ ಒತ್ತುವುದು ಟೆನ್ಷನ್ ಥರದ ನೋವು.

ನನ್ನದು ಇವೆರಡೂ ಅಲ್ಲ. ಬುರುಡೆಯ ಬುಡದಿಂದ ಶುರುವಾಗಿ, ಕಿವಿಯ ಹಿಂದಿನಿಂದ ಹತ್ತಿ ಕಣ್ಣಿನವರೆಗೆ ಬರುತ್ತಿತ್ತು. ಗಾಡಿ ರಿವರ್ಸ್ ತೆಗೆಯಲು ತಲೆ ತಿರುಗಿಸಿದರೆ ಚಳುಕು. ಫಿಸಿಯೋಥೆರಪಿಯವರು ನನ್ನ ಕತ್ತಿನ ಮೇಲ್ಭಾಗದಲ್ಲಿ ಒಂದು ಜಾಗವನ್ನು ಹೆಬ್ಬೆರಳಲ್ಲಿ ಒತ್ತಿದರು. ಅದೇ ನೋವು, ಅದೇ ದಾರಿಯಲ್ಲಿ, ಕಣ್ಣಿನ ಹಿಂದೆ ಬಂದು ನಿಂತಿತು. "ಇದು ತಲೆಯದ್ದಲ್ಲ ಸಾರ್, ಕುತ್ತಿಗೆಯದ್ದು" ಅಂದರು. ತಲೆಗೆ ಪೆಟ್ಟು ಬೀಳುವಾಗ ಕುತ್ತಿಗೆ ಸುಮ್ನೆ ಇರುತ್ತದೆಯೇ? ಅದೂ ಉಳುಕಿರುತ್ತದೆ. ಏಳು ವಾರ ತಲೆಗೆ ಮಾತ್ರೆ ನುಂಗಿದ ನನಗೆ ಕುತ್ತಿಗೆಯ ವ್ಯಾಯಾಮ ಶುರುಮಾಡಿದ ಮೇಲೆ ಕೆಂಪು ಅಂಕಿ ಇಳಿಯಿತು. ಆದರೆ ಕ್ಷೌರದಂಗಡಿಯಲ್ಲಿ ಕುತ್ತಿಗೆ ಲಟಕ್ ಅನ್ನಿಸಿಕೊಳ್ಳುವ ಚಾಳಿ ಇದ್ದರೆ ಬಿಟ್ಟುಬಿಡಿ. ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಅಪಾಯವಿದೆ. ಬಿದ್ದಾಗಲೂ ಹಾಗೆ ಹರಿದಿರಬಹುದು. ಕುತ್ತಿಗೆಯಲ್ಲಿ ಹೊಸ ನೋವಿನ ಜೊತೆ ಒಂದು ರೆಪ್ಪೆ ಜೋತುಬೀಳುವುದು, ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು ಕಂಡರೆ ಅದೂ ತುರ್ತು.

ಮೈಯ ಭಂಗಿಗೂ ನೋವಿಗೂ ಇರುವ ನಂಟು ನೋಡಿ. ಬೆಳಿಗ್ಗೆ ಏಳುವಾಗಲೇ ಜೋರು, ಕೆಮ್ಮಿದರೆ, ತಿಣುಕಿದರೆ, ಬಗ್ಗಿದರೆ ಹೆಚ್ಚು ಅಂದರೆ ಒಳಗೆ ಒತ್ತಡ ಏರಿರಬಹುದು. ಎದ್ದು ಕೂತರೆ ಜೋರು, ಮಲಗಿದ ಸ್ವಲ್ಪ ಹೊತ್ತಿಗೆ ಮಾಯ ಅಂದರೆ ಮಿದುಳಿನ ನೀರು ಎಲ್ಲೋ ಸೋರಿ ಒತ್ತಡ ಕಡಿಮೆಯಾಗಿರಬಹುದು. ಎರಡನ್ನೂ ತಡಮಾಡದೆ ತೋರಿಸಬೇಕು.

ಹೆಜ್ಜೆ 4: ಮಾತ್ರೆ ಎಣಿಸಿ

ಇದು ನಾನೇ ಮಾಡಿದ ತಪ್ಪು. ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಬೆಳಿಗ್ಗೆ ಒಂದು, ಸಂಜೆ ಒಂದು. ತಿಂಗಳಿಗೆ 15 ಅಥವಾ ಹೆಚ್ಚು ದಿನ ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆ, ಇಲ್ಲವೇ 10 ಅಥವಾ ಹೆಚ್ಚು ದಿನ ಎರಡು ಮೂರು ಔಷಧಿ ಸೇರಿಸಿದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ, ಆ ಮಾತ್ರೆಯೇ ತಲೆನೋವು ತರಿಸುತ್ತದೆ. ನೋವಿಗೆ ಮಾತ್ರೆ, ಮಾತ್ರೆಗೆ ನೋವು. ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಮಾತ್ರೆ ಬೇಕೆನ್ನಿಸಿದರೆ ಅದೇ ಡಾಕ್ಟರ್ ಹತ್ತಿರ ಹೋಗಲು ಕಾರಣ. ಕ್ಯಾಲೆಂಡರ್‌ನ ಮೂರನೇ ಅಂಕಿ ಇದಕ್ಕೇ.

ಹೆಜ್ಜೆ 5: ತಲೆನೋವಿನ ಅಕ್ಕಪಕ್ಕದವು

ಮಗ್ಗುಲು ಬದಲಿಸಿದರೆ ಕೋಣೆಯೇ ಗಿರ್ರನೆ ತಿರುಗಿ ಅರ್ಧ ನಿಮಿಷದಲ್ಲಿ ನಿಂತರೆ, ಒಳಕಿವಿಯ ಸಣ್ಣ ಹರಳು ಜಾಗ ತಪ್ಪಿರಬಹುದು. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅದನ್ನು ಸರಿ ಮಾಡುತ್ತಾರೆ, ಎಷ್ಟೋ ಸಲ ಒಂದೇ ಭೇಟಿಗೆ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗುವವರಿದ್ದಾರೆ. ಓದಿದರೆ ಅಕ್ಷರ ಹೊಯ್ದಾಡಿ ಹಣೆ ನೋಯುವುದು ಎರಡು ಕಣ್ಣಿನ ಹೊಂದಾಣಿಕೆ ತಪ್ಪಿದ್ದರಿಂದ ಇರಬಹುದು, ಕಣ್ಣಿನ ಡಾಕ್ಟರಿಗೆ ಪೆಟ್ಟಿನ ವಿಷಯ ಹೇಳಿ ತೋರಿಸಿ.

ವಾಸನೆ ಹೋಗಿದೆಯಾ ನೋಡಿ. ಇಂಗು, ಕಾಫಿಪುಡಿ ಮೂಗಿನ ಹತ್ತಿರ ಹಿಡಿದರೂ ಗೊತ್ತಾಗದಿದ್ದರೆ ಡಾಕ್ಟರಿಗೆ ಹೇಳಿ. ಅಲ್ಲಿಯವರೆಗೆ ಗ್ಯಾಸ್ ಸೋರಿದರೂ ಅವರಿಗೆ ಗೊತ್ತಾಗುವುದಿಲ್ಲ, ಮನೆಯಲ್ಲಿ ಇನ್ನೊಬ್ಬರಿಗೆ ಆ ಜವಾಬ್ದಾರಿ ಕೊಡಿ.

ಸಿಟ್ಟು, ಅಳು, ನಿದ್ದೆಗೇಡು, ಮರೆವು. "ಅಪಘಾತ ಆದಮೇಲೆ ಇವರು ಮೊದಲಿನ ಹಾಗಿಲ್ಲ" ಅಂತ ಮನೆಯವರು ಹೇಳಿದರೆ ಅದನ್ನು ಲಕ್ಷಣ ಅಂತಲೇ ತಗೊಳ್ಳಿ. ವಾರಗಟ್ಟಲೆ ಮಂಕು ಕವಿದಿದ್ದರೆ, ಬದುಕು ಬೇಡ ಅನ್ನುವ ಮಾತು ಬಂದರೆ ಮನೋವೈದ್ಯರ ಹತ್ತಿರ ತಡಮಾಡದೆ ಹೋಗಿ.

ಹೆಜ್ಜೆ 6: ಹಿರಿಯರಿಗೆ ಮೂರು ತಿಂಗಳ ಕಣ್ಗಾವಲು

"ಅರವತ್ತಕ್ಕೆ ಅರಳುಮರಳು" ಅನ್ನುವ ಗಾದೆ ನಮ್ಮ ದೊಡ್ಡಪ್ಪನ ಜೀವಕ್ಕೇ ಬರುವುದರಲ್ಲಿತ್ತು.

ಅವರಿಗೆ ಎಪ್ಪತ್ತನಾಲ್ಕು. ಕೊಟ್ಟಿಗೆಯ ಬಾಗಿಲಿನ ಮೇಲಿನ ತೊಲೆಗೆ ಹಣೆ ಹೊಡೆದುಕೊಂಡರು. ಒಂದು ಬುಗುಟು ಎದ್ದಿತು, ದೊಡ್ಡಮ್ಮ ತಣ್ಣೀರು ಪಟ್ಟಿ ಹಾಕಿದರು, ಎರಡು ದಿನಕ್ಕೆ ಎಲ್ಲರೂ ಮರೆತರು. ಐದು ವಾರದ ಮೇಲೆ ಲುಂಗಿ ಕಟ್ಟಿಕೊಳ್ಳಲು ತಡವರಿಸತೊಡಗಿದರು. ಎಡಗಾಲ ಚಪ್ಪಲಿ ಜಾರಿಹೋದರೂ ಗೊತ್ತಾಗದೆ ನಡೆದುಬಿಡುತ್ತಿದ್ದರು. ಸಂಜೆ ಊಟ ಮಾಡಿ ಮತ್ತೆ ಊಟ ಕೇಳುತ್ತಿದ್ದರು. ತಲೆ ಭಾರ ಅನ್ನುತ್ತಿದ್ದರು. "ವಯಸ್ಸಾಯ್ತು ಬಿಡು" ಅಂದವರೇ ಎಲ್ಲ. ಒಂದು ಹಬ್ಬಕ್ಕೆ ಹೋದಾಗ ಆ ಒಂಟಿ ಚಪ್ಪಲಿ ನೋಡಿ ನನಗೆ ಅನುಮಾನ ಬಂತು. ಸ್ಕ್ಯಾನ್‌ನಲ್ಲಿ ಬಲಗಡೆ ಹಳೇ ರಕ್ತ ಕಟ್ಟಿಕೊಂಡು ಮಿದುಳನ್ನು ಒತ್ತಿತ್ತು. ಬುರುಡೆಗೆ ಸಣ್ಣ ತೂತು ಕೊರೆದು ಅದನ್ನು ಬಸಿದರು. ವಾರದಲ್ಲಿ ದೊಡ್ಡಪ್ಪ ತಾವೇ ಲುಂಗಿ ಕಟ್ಟಿಕೊಂಡರು.

ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಅದಕ್ಕೂ ಹೊದಿಕೆಗೂ ನಡುವಿನ ಸಣ್ಣ ರಕ್ತನಾಳಗಳು ಎಳೆದುಕೊಂಡು ನಿಂತಿರುತ್ತವೆ. ಅಲ್ಪ ಪೆಟ್ಟಿಗೂ ಹರಿದು, ವಾರಗಟ್ಟಲೆ ನಿಧಾನವಾಗಿ ಒಸರುತ್ತವೆ. ಹೃದಯಕ್ಕೆಂದು ಇಕೋಸ್ಪ್ರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್, ಅಸಿಟ್ರಾಮ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಅಪಾಯ ಹೆಚ್ಚು. ತುಂಬ ಕುಡಿಯುವವರಿಗೂ ಅಷ್ಟೇ. ಇಂಥವರಿಗೆ ಪೆಟ್ಟು ಸಣ್ಣದಾದರೂ ಅದೇ ದಿನ ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೇಳಿ ನಿರ್ಧರಿಸಿ. ಬುಗುಟು ಎದ್ದ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಮುಂದಿನ ಮೂರು ತಿಂಗಳು ನಡಿಗೆ, ಮಾತು, ಮರೆವು ಬದಲಾದರೆ ಆ ತಾರೀಕನ್ನು ಡಾಕ್ಟರಿಗೆ ತೋರಿಸಿ.

ಹಸುಗೂಸುಗಳದ್ದು ಇನ್ನೊಂದು ಕಷ್ಟ, ಅವಕ್ಕೆ ತಲೆನೋವು ಅಂತ ಹೇಳಲು ಬರುವುದಿಲ್ಲ. ಸಮಾಧಾನವಾಗದ ಅಳು, ಹಾಲು ಬಿಡುವುದು, ನೆತ್ತಿ ಉಬ್ಬುವುದು, ತಲೆಯ ಪಕ್ಕದಲ್ಲಿ ಮೆತ್ತಗೆ ಊದಿಕೊಳ್ಳುವುದು, ಎಬ್ಬಿಸಿದರೂ ಜೋಂಪು. ದೃಷ್ಟಿ ತೆಗೆಯುವುದನ್ನು ಆಮೇಲೆ ಮಾಡಿ, ಮೊದಲು ಆಸ್ಪತ್ರೆ.

ಹೆಜ್ಜೆ 7: ಕೆಲಸಕ್ಕೆ, ಆಟಕ್ಕೆ ಮರಳುವುದು

ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗುವ ಸಲಹೆ ಹಳೆಯದಾಯಿತು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ಕ್ರೀಡಾ ಕಂಕಷನ್ ತಜ್ಞರೂ ಇದನ್ನೇ ಹೇಳಿದ್ದಾರೆ: ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಕಡಿಮೆ, ಆಮೇಲೆ ಮೆಲ್ಲಗೆ ನಡಿಗೆ. ನೋವು ಚೂರು ಏರಿ ಒಂದು ಗಂಟೆಯೊಳಗೆ ಇಳಿದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿಯಾದರೆ ಅವತ್ತಿಗೆ ಸಾಕು. ಕಂಪ್ಯೂಟರ್ ಕೆಲಸವಿದ್ದರೆ ಅರ್ಧ ದಿನದಿಂದ ಶುರುಮಾಡಿ. ತಲೆಸುತ್ತು, ಮಬ್ಬು ಪೂರ್ತಿ ಹೋಗುವವರೆಗೆ ಗಾಡಿ ಓಡಿಸಬೇಡಿ.

ಕಬಡ್ಡಿ, ಕ್ರಿಕೆಟ್ ಆಡುವ ಮಕ್ಕಳನ್ನು ಪೆಟ್ಟಾದ ದಿನ ಮತ್ತೆ ಮೈದಾನಕ್ಕೆ ಬಿಡಲೇಬೇಡಿ. ಮೊದಲ ಪೆಟ್ಟು ಮಾಗುವ ಮುನ್ನ ಬೀಳುವ ಎರಡನೇ ಪೆಟ್ಟು ಅಪರೂಪಕ್ಕೆ ಮಿದುಳು ಊದಿಕೊಳ್ಳುವಂತೆ ಮಾಡಿ ಪ್ರಾಣಕ್ಕೇ ಬರುತ್ತದೆ. ಪಾಠಕ್ಕೆ ಪೂರ್ತಿ ಮರಳಿದ ಮೇಲೆ, ಡಾಕ್ಟರ್ ಒಪ್ಪಿದ ಮೇಲೆ ಆಟ.

ಡಾಕ್ಟರ್ ಹತ್ತಿರ ಹೋಗುವಾಗ

ಸ್ಕ್ಯಾನ್ ಫಿಲ್ಮ್ ಮತ್ತು ವರದಿ ಎರಡೂ ಇರಲಿ, ಬರೀ ಮೊಬೈಲ್ ಫೋಟೋ ಸಾಲದು. ಕ್ಯಾಲೆಂಡರ್ ಹಾಳೆ, ಎಲ್ಲ ಮಾತ್ರೆಗಳ ಪಟ್ಟಿ, ಬಿದ್ದಾಗ ನೋಡಿದವರೊಬ್ಬರು. ಬಿದ್ದ ಕ್ಷಣಕ್ಕೆ ಮುಂಚಿನ ಎಷ್ಟು ಹೊತ್ತು ನೆನಪಿಲ್ಲ ಅಂತ ಯೋಚಿಸಿಕೊಂಡು ಹೋಗಿ, ಕೇಳುತ್ತಾರೆ. ಹೊಸ ಲಕ್ಷಣ ಬಂದಿದ್ದರೆ "ಹಳೇ ಸ್ಕ್ಯಾನ್ ನಾರ್ಮಲ್ ಇತ್ತು, ಈಗ ಮತ್ತೆ ಬೇಕಾ?" ಅಂತ ನೀವೇ ಕೇಳಿ. ಊರಿನ ಫಿಸಿಷಿಯನ್‌ನಿಂದಲೇ ಶುರುಮಾಡಬಹುದು. ನರರೋಗ ತಜ್ಞರು ಬೇಕಾದರೆ ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ.

ಬಿದ್ದಾಗ ಹಾಕಿದ್ದ ಹೆಲ್ಮೆಟ್ ಮತ್ತೆ ಹಾಕಬೇಡಿ. ಒಳಗಿನ ಥರ್ಮೋಕೋಲ್ ಪದರ ಒಂದೇ ಪೆಟ್ಟಿಗೆ ಅಂತ ಮಾಡಿದ್ದು, ಒಮ್ಮೆ ಅಮುಕಿದರೆ ಮತ್ತೆ ಏಳುವುದಿಲ್ಲ. ಹೊರಗೆ ಬಿರುಕು ಕಾಣದಿದ್ದರೂ ಅಷ್ಟೇ. ಐಎಸ್‌ಐ ಗುರುತಿನ ಹೊಸದು ತಗೊಳ್ಳಿ, ಹಿಂದೆ ಕೂರುವವರಿಗೂ ಒಂದು. ನನ್ನ ಹಳೇದರ ಪಟ್ಟಿ ಕತ್ತರಿಸಿ ಕಸಕ್ಕೆ ಹಾಕಿದೆ, ಇನ್ಯಾರೂ ಎತ್ತಿಕೊಂಡು ಹಾಕಿಕೊಳ್ಳದಿರಲಿ ಅಂತ.